ಬಲಗಡೆಯ ಹಿಂದಿನ ಚಕ್ರ

ನ್ಯೂಜೆರ್ಸಿಯ ಕೆಂಡಲ್ ಪಾರ್ಕ್ ಊರಿನಲ್ಲಿರುವ ನಮ್ಮ ಸ್ನೇಹಿತರ ಮೊಮ್ಮಗಳು ನಿಧಿ, ಎಂಜಿನಿಯರಿಂಗ್ ಮುಗಿಸಿದವಳು, ಮನೆಯವರಿಗೆಲ್ಲ ಆಶ್ಚರ್ಯವಾಗುವಂತೆ ಹಳೆಯ ಬ್ರಿಟಿಷ್ ಕಾರುಗಳನ್ನು ದುರಸ್ತಿ ಮಾಡುವ ಒಂದು ವರ್ಕ್‌ಶಾಪಿಗೆ ಸೇರಿಕೊಂಡಿದ್ದಾಳೆ. ನಾನು ಅದೇ ಕೆಲಸದಲ್ಲಿ ಕೂದಲು ಬಿಳಿ ಮಾಡಿಕೊಂಡವನೆಂದು ತಿಳಿದು ಓಲ್ಡ್ ಬ್ರಿಡ್ಜಿನ ನಮ್ಮ ಮನೆಗೆ ಬಂದಳು. ಯಾವ ಕಾರು ಬೆಸ್ಟ್ ಎಂದು ಕೇಳಿದಳು. ಅದು ಕೆಲಸ ಮಾಡುವವರು ಕೇಳುವ ಪ್ರಶ್ನೆಯಲ್ಲ ಎಂದೆ. ಅವಳು ನಕ್ಕು, "ಓಕೆ ಅಂಕಲ್, ದೆನ್ ಟೆಲ್ ಮಿ ವಾಟ್ ಇಟ್ ವಾಸ್ ರಿಯಲಿ ಲೈಕ್" ಎಂದಳು. ಬಾಯಲ್ಲಿ ಹೇಳಿದರೆ ನಾನು ಕೆಲವನ್ನು ಬಿಟ್ಟುಬಿಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಜ್ಜಿ ಓದಿ ಹೇಳುವುದೆಂದು ಒಪ್ಪಂದವಾಗಿದೆ.

ಬಿಟ್ಟುಬಿಡಬಹುದಾದದ್ದು ಯಾವುದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಕೈಯ ತಪ್ಪಿನಿಂದ ಒಬ್ಬ ಹೆಂಗಸಿನ ಪ್ರಾಣ ಹೋಗುವುದರಲ್ಲಿತ್ತು. ಆ ತಪ್ಪು ನನ್ನದೆಂದು ಹೇಳಿದರೆ ಈ ದೇಶದಲ್ಲಿ ಉಳಿಯುವ ನನ್ನ ಕಾಗದಪತ್ರ ಹೋಗುವುದರಲ್ಲಿತ್ತು. ಮಿಕ್ಕದ್ದೆಲ್ಲ ಇದರ ಸುತ್ತಮುತ್ತಲಿನದು.

ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಕಲಿತವನು. ಅಲ್ಲಿನ ಎಂಜಿನ್ನುಗಳು ಇಂಗ್ಲೆಂಡಿನವು, ಸ್ಪ್ಯಾನರುಗಳು ಇಂಗ್ಲೆಂಡಿನ ಅಳತೆಯವು. ಅರವತ್ತೊಂಬತ್ತರಲ್ಲಿ ತರಬೇತಿಯ ವೀಸಾ ಮೇಲೆ ನ್ಯೂಜೆರ್ಸಿಗೆ ಬಂದು ಮಾರಿಸ್‌ಟೌನ್ ಹೊರಗೆ, ಇಂಗ್ಲೆಂಡಿನ ಕಾರುಗಳ ಒಂದು ಗ್ಯಾರೇಜಿನ ಬಾಗಿಲು ತಟ್ಟಿದೆ. ಯಜಮಾನ ಸ್ಯಾಲ್, ಇಟಲಿ ಮೂಲದ ದಪ್ಪ ಮನುಷ್ಯ, ನನ್ನ ಸರ್ಟಿಫಿಕೇಟನ್ನು ತಲೆಕೆಳಗಾಗಿ ಹಿಡಿದು ನೋಡಿ ಫೋರ್ಮನ್ ಹತ್ತಿರ ಕಳಿಸಿದ. ಫೋರ್ಮನ್ ವಿಲ್ಫ್, ಇಂಗ್ಲೆಂಡಿನ ಕಾವೆಂಟ್ರಿ ಊರಿನವನು, ಸರ್ಟಿಫಿಕೇಟ್ ನೋಡಲೇ ಇಲ್ಲ. ಜೇಬಿನಿಂದ ಒಂದು ಬೋಲ್ಟ್ ತೆಗೆದು ನನ್ನ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿಕೊಂಡು ಇದರ ಸ್ಪ್ಯಾನರ್ ಆರಿಸು ಎಂದ. ನಾನು ಬೆರಳಲ್ಲಿ ತಡವಿ, ಮೇಜಿನ ಮೇಲಿನ ಸಾಲಿನಿಂದ ಒಂದನ್ನು ಎತ್ತಿದೆ. ಸರಿಯಾಗಿತ್ತು. ಅಮೆರಿಕದ ಮೆಕ್ಯಾನಿಕ್ಕುಗಳು ಆ ಹಳೆಯ ಬೋಲ್ಟುಗಳಿಗೆ ತಮ್ಮ ಸ್ಪ್ಯಾನರ್ ಹಾಕಿ ಮೂಲೆಗಳನ್ನು ಸವೆಸಿಬಿಡುತ್ತಿದ್ದರಂತೆ. ಮಾರನೆಯ ದಿನದಿಂದ ಕೆಲಸ.

ಆ ಗ್ಯಾರೇಜಿನಲ್ಲಿ ಕಾರುಗಳನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವು ಇಂಗ್ಲೆಂಡಿನಲ್ಲಿ ಹುಟ್ಟಿದ ಊರಿನ ಹೆಸರಿನಿಂದ ಕರೆಯುತ್ತಿದ್ದರು. "ಆ ಕಾವೆಂಟ್ರಿಗೆ ಎಣ್ಣೆ ಬದಲಾಯಿಸು", "ನ್ಯೂಪೋರ್ಟ್‌ಗೆ ಜ್ವರ ಬಂದಿದೆ" ಹೀಗೆ. ನಾನೂ ಒಂದು ವಾರದೊಳಗೆ "ಬ್ಯಾಂಗಲೋರ್" ಆದೆ.

ಕಾವೆಂಟ್ರಿಯನ್ನು ಮೊದಲ ಸಲ ಬಿಚ್ಚಿ ನೋಡಿದ್ದು ನನಗೆ ಸರಿಯಾಗಿ ನೆನಪಿದೆ. ಅದರ ಮೂತಿ ಪೂರ್ತಿಯಾಗಿ, ಎರಡೂ ಪಕ್ಕದ ಮಡ್‌ಗಾರ್ಡುಗಳ ಸಮೇತ, ಮುಂದಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಒಳಗೆ ಆರು ಸಿಲಿಂಡರಿನ ಎಂಜಿನ್. ತಲೆಯ ಮೇಲೆ ಹೊಳಪು ಕೊಟ್ಟ ಎರಡು ಉದ್ದನೆಯ ಮುಚ್ಚಳ. ರೇಸಿನ ಮೈದಾನಕ್ಕಾಗಿ ಮಾಡಿದ ಚೌಕಟ್ಟನ್ನು ಊರಿಂದೂರಿಗೆ ಸುಖವಾಗಿ ಹೋಗುವ ಕಾರಿನೊಳಗೆ ಕೂರಿಸಿದ್ದರು. ಇಬ್ಬರು ಮನುಷ್ಯರು, ಎರಡು ಪೆಟ್ಟಿಗೆ, ಒಂದು ದಿನಕ್ಕೆ ನಾನೂರು ಮೈಲಿ, ಇಳಿದಾಗ ಬೆನ್ನು ನೋಯಬಾರದು. ಗ್ರ್ಯಾಂಡ್ ಟೂರಿಂಗ್ ಎಂದರೆ ಇಷ್ಟೇ ಎಂದು ವಿಲ್ಫ್ ಹೇಳುತ್ತಿದ್ದ.

ನಾನು ಸೇರುವ ಹೊತ್ತಿಗೆ ಆ ಕಾರಿನ ಮುಖ ಬದಲಾಗತೊಡಗಿತ್ತು. ಅಮೆರಿಕದ ಹೊಸ ಸುರಕ್ಷಾ ನಿಯಮಗಳಿಂದ ದೀಪಗಳ ಮೇಲಿನ ಗಾಜಿನ ಹೊದಿಕೆ ಹೋಗಿತ್ತು. ಡ್ಯಾಶ್‌ಬೋರ್ಡಿನ ಚೂಪು ಸ್ವಿಚ್ಚುಗಳು ಚಪ್ಪಟೆಯಾಗಿದ್ದವು. ಚಕ್ರದ ನಡುವಿನ ದೊಡ್ಡ ನಟ್ಟಿಗೆ ಮೊದಲು ಎರಡು ಕಿವಿಗಳಿರುತ್ತಿದ್ದವು; ಸುತ್ತಿಗೆಯಿಂದ ಕಿವಿಗೆ ಹೊಡೆದು ಬಿಗಿ ಮಾಡುವುದು. ಈಗ ಕಿವಿಯಿಲ್ಲದ ಎಂಟು ಮೂಲೆಯ ನಟ್ಟು ಬಂದಿತ್ತು. ವಿಲ್ಫ್ ಇದನ್ನೆಲ್ಲ ಬೈಯುತ್ತಿದ್ದ. ಆಮೇಲೆ ಒಂದು ದಿನ ಅವನೇ, ಯಾರೂ ಕೇಳದಿದ್ದರೂ, ಕಾವೆಂಟ್ರಿಯಲ್ಲಿ ಆ ಕಿವಿ ತಾಗಿ ಒಬ್ಬ ಸೈಕಲ್ ಸವಾರನ ಮೊಣಕಾಲು ಸೀಳಿದ್ದನ್ನು ತಾನು ನೋಡಿದ್ದೆ ಎಂದ.

ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ವಿಷಯದಲ್ಲಿ ಮಾತ್ರ ಅವನು ಸೋಲೊಪ್ಪಲಿಲ್ಲ. ಮೂರು ಇದ್ದದ್ದು ಅಮೆರಿಕದ ಹೊಗೆಯ ನಿಯಮಗಳಿಂದಾಗಿ ಎರಡಾಯಿತು. ಮೂರನ್ನು ಒಂದೇ ಶ್ರುತಿಗೆ ತರಲು ವಿಲ್ಫ್ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಹಿಡಿದು, ಗಾಳಿ ಎಳೆಯುವ ಸದ್ದನ್ನು ಕೇಳುತ್ತಿದ್ದ. ನನಗೂ ಕಲಿಸಿದ. ಸ್ಯಾಲ್ ಹೊಗೆ ಅಳೆಯುವ ಯಂತ್ರ ತಂದಾಗ ನಾನು ಕಿವಿಯನ್ನೇ ನಂಬಿ ಒಂದು ಕಾರನ್ನು ಹೊಂದಿಸಿ ಯಂತ್ರಕ್ಕೆ ತೋರಿಸಿದೆ. ಮುಳ್ಳು ಕೆಂಪು ಗೆರೆ ದಾಟಿ ನಿಂತಿತು. ಯಂತ್ರ ಕೆಟ್ಟಿದೆ ಎಂದು ವಿಲ್ಫ್ ತೀರ್ಪು ಕೊಟ್ಟ. ಯಂತ್ರ ಕೆಟ್ಟಿರಲಿಲ್ಲ. ನಿಧಿ, ಎರಡನ್ನೂ ಕಲಿ. ಕಾರ್ಬ್ಯುರೇಟರುಗಳು ಒಂದಕ್ಕೊಂದು ಹೊಂದಿವೆಯೇ ಎಂದು ಕಿವಿ ಹೇಳುತ್ತದೆ; ಅವು ಒಟ್ಟಿಗೇ ತಪ್ಪಿದ್ದರೆ ಯಂತ್ರ ಮಾತ್ರ ಹೇಳುತ್ತದೆ.

ನ್ಯೂಪೋರ್ಟ್ ಕಾರುಗಳ ಮರ್ಯಾದೆಯೇ ಬೇರೆ. ಅವುಗಳ ಅಲ್ಯೂಮಿನಿಯಂ ಮೈಯನ್ನು ಕೈಯಿಂದ ಬಡಿದು ಮಾಡುತ್ತಿದ್ದರು. ಒಂದೇ ಮಾದರಿಯ, ಒಂದೇ ಬೂದು ಬಣ್ಣದ ಎರಡು ಕಾರು ಒಟ್ಟಿಗೆ ಬಂದಾಗ, ಎಂಜಿನ್ ತೆಗೆಯಲು ನಾನು ಎರಡರ ಬಾನೆಟ್ಟುಗಳನ್ನೂ ಬಿಚ್ಚಿ ಗೋಡೆಗೆ ಒರಗಿಸಿದೆ. ಹಾಕುವಾಗ ಅದಲುಬದಲಾಯಿತು. ಒಂದು ಕಡೆ ಬೆರಳು ತೂರುವಷ್ಟು ಸಂದು, ಇನ್ನೊಂದು ಕಡೆ ಬಣ್ಣಕ್ಕೆ ಬಣ್ಣ ಉಜ್ಜುತ್ತಿತ್ತು. ಅರ್ಧ ದಿನ ಕೀಲುಗಳನ್ನು ಹೊಂದಿಸಿ ಒದ್ದಾಡಿದೆ. ವಿಲ್ಫ್ ಬಂದು ನೋಡಿ, "ಬ್ಯಾಂಗಲೋರ್, ನಿನ್ನ ಅಣ್ಣನ ಹಲ್ಲು ಸೆಟ್ ನಿನ್ನ ಬಾಯಿಗೆ ಕೂರುತ್ತಾ?" ಎಂದ. ಒಂದು ಕಾರಿನ ಬಾನೆಟ್ ಅದೇ ಮಾದರಿಯ ಇನ್ನೊಂದಕ್ಕೆ ಕೂರುವುದಿಲ್ಲ. ಬಡಿದ ಮನುಷ್ಯ ಆ ಕಾರಿನ ಮೇಲೇ ಇಟ್ಟು ಇಟ್ಟು ನೋಡಿ ಬಡಿದಿರುತ್ತಾನೆ. ಆಮೇಲೆ ಬಾಗಿಲ ಒಳಹೊದಿಕೆ ತೆಗೆದಾಗ ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆ ಕಂಡಿತು, ಯಾರೋ ಒಬ್ಬನ ಕೈಬರಹ. ವಿಮಾನ ಕಾರ್ಖಾನೆಯಲ್ಲಿ ನಾವು ತಪ್ಪೇ ಆಗದಂತೆ ಅಳತೆಗೆ ದುಡಿದವರು. ಅಳತೆಯಿಲ್ಲದೆ ಇಷ್ಟು ಚೆನ್ನಾಗಿ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ವಿಲ್ಫ್‌ನ ಒಂದು ಕಟ್ಟುನಿಟ್ಟು ಇತ್ತು. ಯಾವ ಕಾರೂ ಹಾಗೇ ಹೊರಗೆ ಹೋಗುವಂತಿಲ್ಲ. ಅವನು ಡ್ರೈವ್ ಮಾಡಬೇಕು, ಕೆಲಸ ಮಾಡಿದವನು ಪಕ್ಕದಲ್ಲಿ ಮಾತಾಡದೆ ಕೂರಬೇಕು. ಹತ್ತು ಮೈಲಿ ಹೋಗಿ ಬಂದು ಚಕ್ರದ ನಟ್ಟುಗಳಿಗೆ ಮತ್ತೆ ಏಟು ಕೊಟ್ಟು ನೋಡಬೇಕು. ನಟ್ಟು ಅಲುಗಿದರೆ ಕಾರು ಒಳಗೆ.

ಡಾಕ್ಟರ್ ಸುಮಿತ್ರಾ ಧಾರವಾಡದವರು, ಮಾರಿಸ್‌ಟೌನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯೆ. ನಲವತ್ತರ ಹತ್ತಿರದ ವಯಸ್ಸು, ಒಬ್ಬರೇ ಇದ್ದರು. ಸೀರೆಯ ಮೇಲೆ ಓವರ್‌ಕೋಟ್ ಹಾಕಿಕೊಂಡು, ಕಡುಹಸಿರು ಬಣ್ಣದ ಸೆಕೆಂಡ್ ಹ್ಯಾಂಡ್ ಕಾವೆಂಟ್ರಿಯನ್ನು ಓಡಿಸುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಕನ್ನಡದವರೇ ಬೆರಳೆಣಿಕೆಯಷ್ಟು. ಅಂಥ ಕಾರಿನಲ್ಲಿ ಕನ್ನಡದ ಹೆಂಗಸು ಅವರೊಬ್ಬರೇ. ನನ್ನ ಉಚ್ಚಾರಣೆ ಕೇಳಿ ಮೊದಲ ದಿನವೇ ಪತ್ತೆ ಹಚ್ಚಿ, "ಏನೋ ತಮ್ಮಾ, ಬೆಂಗಳೂರಾಂವ ಏನು? ನನ್ನ ಕುದರಿ ನಿನ್ನ ಕೈಯಾಗ ಕೊಡ್ತೀನಿ, ಛಂದಾಗಿ ನೋಡ್ಕೋ" ಎಂದಿದ್ದರು. ನಾನು ಅಕ್ಕ ಎಂದು ಕರೆಯತೊಡಗಿದೆ.

ಎಪ್ಪತ್ತೊಂದರ ಅಕ್ಟೋಬರಿನಲ್ಲಿ ಅವರ ಕಾರಿನ ಹಿಂದಿನ ಬೇರಿಂಗುಗಳು ಸದ್ದು ಮಾಡುತ್ತಿದ್ದವು. ಆ ಕಾರಿನ ಹಿಂಭಾಗದ ಸಾಮಗ್ರಿಯೆಲ್ಲ ಒಂದು ಉಕ್ಕಿನ ಪಂಜರದಲ್ಲಿರುತ್ತದೆ. ಪಂಜರವನ್ನೇ ಇಳಿಸಿ ಬೆಂಚಿನ ಮೇಲಿಟ್ಟು ಕೆಲಸ ಮಾಡಬೇಕು. ಚಕ್ರ ಕೂರುವ ಎರಡು ಹಬ್ಬುಗಳನ್ನು ನಾನು ಬಿಚ್ಚಿ, ಕಾರ್ಖಾನೆಯ ಅಭ್ಯಾಸದಂತೆ ಬಿಳಿ ಬಟ್ಟೆ ಹಾಸಿ, ಎಡದ್ದನ್ನು ಎಡಕ್ಕೆ ಬಲದ್ದನ್ನು ಬಲಕ್ಕೆ ಇಟ್ಟೆ. ಆಮೇಲೆ ಕೆಳಗಿನ ಬೋಲ್ಟುಗಳಿಗಾಗಿ ಪಂಜರವನ್ನು ಮಗುಚಿದೆ. ಮಗುಚಿದಾಗ ಅದರ ಎಡ ನನ್ನ ಬಲಕ್ಕೆ ಬಂತು. ಬಟ್ಟೆ ಮಗುಚಲಿಲ್ಲ. ನಾನು ಬಟ್ಟೆಯನ್ನು ನಂಬಿ ಹಬ್ಬುಗಳನ್ನು ಹಾಕಿದೆ.

ಆ ಎರಡು ಹಬ್ಬುಗಳ ಮೇಲೆ ನಟ್ಟು ತಿರುಗಿ ಕೂರುವ ಥ್ರೆಡ್ಡಿನ ಸುತ್ತು ಒಂದಕ್ಕೊಂದು ಎದುರು ದಿಕ್ಕಿನದು. ಸರಿಯಾದ ಕಡೆಯಲ್ಲಿದ್ದರೆ ಚಕ್ರ ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ಅದಲುಬದಲಾದರೆ ಓಡಿದಷ್ಟೂ ಸಡಿಲವಾಗುತ್ತದೆ. ನಟ್ಟುಗಳ ಮೇಲೆ ಬಾಣದ ಗುರುತಿರುತ್ತದೆ. ಅಕ್ಕ ಅವುಗಳಿಗೆ ಹೊಸದಾಗಿ ಕ್ರೋಮ್ ಹಾಕಿಸಿದ್ದರಿಂದ ಉಜ್ಜುವಾಗ ಗುರುತು ಸವೆದುಹೋಗಿತ್ತು. ಆದರೂ ನಟ್ಟು ಯಾವ ಕಡೆಗೆ ತಿರುಗುತ್ತಿದೆ ಎಂದು ಕೈಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಏಕೆ ಎಂದು ಇಂದಿಗೂ ಹೇಳಲಾರೆ. ಅಕ್ಕ ಪಕ್ಕದಲ್ಲಿ ನಿಂತಿದ್ದರು, ನಾನು ಅವರೊಂದಿಗೆ ಮಾತಾಡುತ್ತ ಕೆಲಸ ಮಾಡುತ್ತಿದ್ದೆ ಎನ್ನುವುದಷ್ಟೇ ಖಚಿತ.

ಅದು ಶನಿವಾರ. ವಿಲ್ಫ್ ನೆವಾರ್ಕ್ ಬಂದರಿಗೆ ಹೋಗಿದ್ದ. ಅವನು ಬಂದ ಮೇಲೆ ಓಡಿಸಿ ನೋಡಿ ಕೊಡುತ್ತೇವೆ ಎಂದೆ. ಅಕ್ಕನಿಗೆ ಮಧ್ಯಾಹ್ನದ ಡ್ಯೂಟಿಯಿತ್ತು.

"ನಮ್ಮ ಹುಡುಗ ಕೂಡಿಸ್ಯಾನಂದ ಮ್ಯಾಲೆ ಮತ್ತ ಆ ಇಂಗ್ಲೀಷಾಂವ ಏನ್ ನೋಡ್ತಾನ? ಕೊಡು ಕೀಲಿ."

ಕೊಟ್ಟೆ. ಬೇರೆ ಯಾವ ಗಿರಾಕಿಗೂ ಕೊಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ನಮ್ಮ ಹುಡುಗ ಎಂದು ಕರೆಸಿಕೊಂಡು ಎರಡು ವರ್ಷಗಳಾಗಿತ್ತು.

ಮಾರನೆಯ ದಿನ, ಭಾನುವಾರ, ಅವರು ಕೆಂಡಲ್ ಪಾರ್ಕಿನ ಪರಿಚಯದವರ ಮನೆಗೆ ಊಟಕ್ಕೆ ಹೊರಟಿದ್ದರು. ಸಾಮರ್‌ವಿಲ್ ಸರ್ಕಲ್ ಹತ್ತಿರ ಹಿಂದಿನಿಂದ ಟಕ್ ಟಕ್ ಸದ್ದು ಕೇಳಿ ವೇಗ ಇಳಿಸಿದರಂತೆ. ಇಳಿಸಿದ್ದರಿಂದ ಬದುಕಿದರು. ಸರ್ಕಲ್ ತಿರುಗುವಾಗ ಬಲಗಡೆಯ ಹಿಂದಿನ ಚಕ್ರ ಕಳಚಿ ಕಾರನ್ನೇ ದಾಟಿ ಮುಂದೆ ಹೋಯಿತು. ಕಾರು ಕುಸಿದು ಕಟ್ಟೆಗೆ ಬಡಿದು ನಿಂತಿತು. ಸ್ಟೀರಿಂಗ್ ಗಿರ್ರನೆ ತಿರುಗಿ ಅವರ ಎಡ ಮಣಿಕಟ್ಟು ಮುರಿಯಿತು.

ಸ್ಯಾಲ್ ನನಗೆ ಫೋನ್ ಮಾಡಿ ಗ್ಯಾರೇಜ್ ತೆರೆಯಲು ಹೇಳಿದ. ಟೋ ಗಾಡಿ ಕಾರನ್ನು ಬಿಟ್ಟು ಹೋಯಿತು. ಆಗ ಎರಡೂವರೆ ಇರಬೇಕು. ಸ್ಯಾಲ್ ಸುತ್ತ ಒಂದು ಸಲ ನಡೆದು, ಆಯಮ್ಮ ಚಕ್ರದ ಕಡ್ಡಿಗಳನ್ನು ತೊಳೆಸಲು ಯಾವುದೋ ಪೆಟ್ರೋಲ್ ಬಂಕಿನಲ್ಲಿ ಚಕ್ರ ಬಿಚ್ಚಿಸಿರುತ್ತಾಳೆ, ಅಲ್ಲಿನ ಪಡ್ಡೆ ಹುಡುಗರು ಬಿಗಿ ಮಾಡಿಲ್ಲ, ಬುಧವಾರ ವಿಮೆಯವನು ಬಂದಾಗ ಹಾಗೇ ಹೇಳುವುದು ಎಂದು ಹೇಳಿ ಮನೆಗೆ ಹೋದ. ಅವನು ಸುಳ್ಳು ಹೇಳುತ್ತಿರಲಿಲ್ಲ; ಹಾಗೆಂದು ನಂಬಿದ್ದ. ಅಂಥದ್ದು ಎಷ್ಟೋ ಸಲ ನಡೆದಿತ್ತು.

ನಾನು ಒಬ್ಬನೇ ಉಳಿದೆ. ಬರಿಯ ಹಬ್ಬಿನ ಥ್ರೆಡ್ ಮೇಲೆ ಉಗುರು ಓಡಿಸಿದೆ. ಉಗುರು ಹೋಗಬೇಕಾದ ಕಡೆಗೆ ಹೋಗಲಿಲ್ಲ. ಎಡಗಡೆಯ ನಟ್ಟನ್ನು ಮುಟ್ಟಿದೆ, ಕೈಯಲ್ಲೇ ತಿರುಗಿತು.

ನನ್ನ ಹಸಿರು ಕಾರ್ಡಿನ ಅರ್ಜಿ ಆಗ ಸ್ಯಾಲ್‌ನ ಮೇಜಿನ ಮೇಲಿತ್ತು. ನಾನು ನುರಿತ ಕೆಲಸಗಾರ, ನನ್ನಂಥವನು ಇಲ್ಲಿ ಸಿಗುವುದಿಲ್ಲ ಎಂದು ಅವನು ಸಹಿ ಹಾಕಬೇಕಿತ್ತು. ವೀಸಾ ಡಿಸೆಂಬರಿನಲ್ಲಿ ಮುಗಿಯುತ್ತಿತ್ತು. ಹಬ್ಬುಗಳನ್ನು ಸರಿಯಾದ ಕಡೆಗೆ ಬದಲಾಯಿಸಲು ನನಗೆ ನಾಲ್ಕು ಗಂಟೆ ಸಾಕು. ಬುಧವಾರದವರೆಗೆ ಸಮಯವಿತ್ತು, ಬೀಗದ ಕೈ ನನ್ನಲ್ಲಿತ್ತು. ಕಾರಿನ ಕೆಳಗೆ ಜ್ಯಾಕ್ ತಳ್ಳಿದೆ. ಒಂದು ಬೋಲ್ಟಿಗೆ ಸ್ಪ್ಯಾನರ್ ಕೂರಿಸಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಎಷ್ಟು ಹೊತ್ತು ಹಾಗೆ ಹಿಡಿದುಕೊಂಡಿದ್ದೆ ಎನ್ನುವುದು ತಿಳಿಯದು. ಆಮೇಲೆ ಕೈ ತೊಳೆದು ಆಸ್ಪತ್ರೆಗೆ ಹೋದೆ.

ಅಕ್ಕ ದಿಂಬಿಗೊರಗಿ ಕುಳಿತಿದ್ದರು. ಎಡಗೈ ಪ್ಲಾಸ್ಟರಿನಲ್ಲಿತ್ತು. ನನ್ನನ್ನು ನೋಡಿ, "ಬಾ, ಕುದರಿ ಹ್ಯಾಂಗದ?" ಎಂದರು. ನಾನು ನಿಂತುಕೊಂಡೇ ಬಟ್ಟೆ, ಪಂಜರ, ಹಬ್ಬು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮುಗಿದ ಮೇಲೆ ಅವರು ಕೇಳಿದರು:

"ಇದು ಮತ್ಯಾರಿಗೆ ಗೊತ್ತದ?"

"ಯಾರಿಗೂ ಇಲ್ಲ ಅಕ್ಕ."

"ಇವತ್ತ ನಾ ಸತ್ತಿದ್ರ?"

ಅಕ್ಕ ಪ್ಲಾಸ್ಟರಿನ ಕೈ ಎತ್ತಿ ತೋರಿಸಿದರು.

"ಈ ಕೈಲೆ ನಾ ಮಂದಿಗೆ ಉಸಿರು ಹಾಕ್ತೀನಿ. ತಿಳೀತೇನು? ನಿನಗ ಮಾಫಿ ಮಾಡೂದೋ ಬಿಡೂದೋ ಆಮ್ಯಾಲೆ ನೋಡೋಣು. ಮೊದಲ ಹೋಗು, ಆ ಇನ್ನೊಂದು ಗಾಲಿ ಯಾರೂ ಮುಟ್ಟಧಂಗ ನೋಡ್ಕೋ. ನೀನೂ ಮುಟ್ಟಬ್ಯಾಡ."

ಸೋಮವಾರ ಬೆಳಿಗ್ಗೆ ವಿಲ್ಫ್ ಕೋಟು ತೆಗೆಯುವ ಮೊದಲೇ ಹೇಳಿದೆ. ಅವನು ಹೋಗಿ ಎಡಗಡೆಯ ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದ. ಬೈಯಲಿಲ್ಲ. ಕೀಲಿಯನ್ನು ಯಾರು ಕೊಟ್ಟದ್ದು ಎಂದು ಮಾತ್ರ ಕೇಳಿದ. ನಾನೇ ಎಂದೆ. ಹಬ್ಬು ಅದಲುಬದಲಾಗುವುದು ತನಗೂ ಒಮ್ಮೆ ಆಗಿದೆ, ಅದು ಹತ್ತು ಮೈಲಿಯಲ್ಲಿ ಸಿಕ್ಕಿಬೀಳುತ್ತದೆ, ಕೀಲಿ ಕೊಟ್ಟದ್ದು ತಪ್ಪು ಎಂದ. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಸ್ಯಾಲ್ ಕೂಗಾಡಿದ. ವಿಮೆಯವನ ಎದುರು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದ. ಆ ಹುಡುಗರಿಗೆ ಆಗುತ್ತದೆ ಎಂದೆ. ಎಂದೂ ಚಕ್ರ ಮುಟ್ಟದ ಪೆಟ್ರೋಲ್ ಬಂಕಿನ ಹುಡುಗರಿಗೆ. ಬುಧವಾರ ಹೇಳಿಕೆ ಬರೆದು ಸಹಿ ಮಾಡಿದೆ. ಹನ್ನೊಂದು ದಿನ ಸ್ಯಾಲ್ ನನ್ನೊಂದಿಗೆ ಮಾತಾಡಲಿಲ್ಲ. ಶಾರದ, ನನ್ನ ಹೆಂಡತಿ, ಊರಿಗೆ ಮರಳಬೇಕಾದೀತೆಂದು ಟ್ರಂಕಿನ ಧೂಳು ಒರೆಸಿಟ್ಟಳು.

ಹನ್ನೆರಡನೆಯ ದಿನ ಸ್ಯಾಲ್ ಒಳಗೆ ಕರೆದ. ಅರ್ಜಿ ಎದುರಿಗಿತ್ತು.

"ಇದರಲ್ಲಿ ಕೇಳಿದಾರೆ, ನಿನ್ನಂಥವನು ಇಲ್ಲಿ ಸಿಗ್ತಾನಾ ಅಂತ," ಎಂದ. "ನನ್ನ ಮೂವತ್ತು ವರ್ಷದಲ್ಲಿ ತನ್ನ ತಪ್ಪನ್ನ ತಾನಾಗಿ ಬಂದು ಹೇಳಿದವನು ಒಬ್ಬನೂ ಇಲ್ಲ. ಇಲ್ಲ ಅಂತ ಬರೆದಿದೀನಿ. ನಡೆ, ಕೆಲಸ ನೋಡು."

ಇದರಿಂದ ನಿಜ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ತಿಳಿಯಬೇಡ, ನಿಧಿ. ಅವನು ಸಹಿ ಹಾಕದೆಯೂ ಇರಬಹುದಿತ್ತು, ಆಗಲೂ ಅವನು ಕೆಟ್ಟವನಾಗುತ್ತಿರಲಿಲ್ಲ. ಅಕ್ಕನ ಮಣಿಕಟ್ಟು ಪೂರ್ತಿ ಸರಿಹೋಗಲಿಲ್ಲ. ಕೆಲಸಕ್ಕೆ ಮರಳಿದರು, ಆದರೆ ಆ ಕೈ ಒಂದು ಮಟ್ಟಕ್ಕಿಂತ ಆಚೆ ತಿರುಗುತ್ತಿರಲಿಲ್ಲ. ಹಸಿರು ಕಾರಿನ ಗಟ್ಟಿ ಸ್ಟೀರಿಂಗ್ ಅವರಿಗೆ ಆಗದು. ಮಾರಿಬಿಟ್ಟರು. ಎರಡೂವರೆ ವರ್ಷ ನಮ್ಮ ಗ್ಯಾರೇಜಿಗೆ ಬರಲಿಲ್ಲ.

ಆ ಅವಧಿಯಲ್ಲಿ ಕಾವೆಂಟ್ರಿಯ ಹೊಸ ಮಾದರಿ ಬಂದಿತ್ತು. ಹನ್ನೆರಡು ಸಿಲಿಂಡರು, ಅಗಲವಾದ ಬಾಯಿ, ಪವರ್ ಸ್ಟೀರಿಂಗ್, ಬೇಕೆಂದವರಿಗೆ ಆಟೋಮ್ಯಾಟಿಕ್ ಗೇರು ಮತ್ತು ಎ.ಸಿ. ವಿಲ್ಫ್ ಅದನ್ನು ಸೋಫಾ ಎಂದು ಕರೆಯುತ್ತಿದ್ದ. ನಾನೂ ನಗುತ್ತಿದ್ದೆ. ಮೊದಲಿನದು ಓಡಿಸುವವರಿಂದ ಕೈಚಳಕ ಕೇಳುತ್ತಿತ್ತು, ಇದು ಏನನ್ನೂ ಕೇಳುವುದಿಲ್ಲ ಎಂಬ ದೂರು ನಮ್ಮದು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಒಂದು ಬಿಳಿಯ ಸೋಫಾ ಅಂಗಳಕ್ಕೆ ಬಂದು, ಎರಡು ಕಾರುಗಳ ನಡುವಿನ ಇಕ್ಕಟ್ಟಿಗೆ ಹಿಂದಕ್ಕೆ ಸರಿದು ನಿಂತಿತು. ಓಡಿಸುತ್ತಿದ್ದವರ ಎಡಗೈ ತೊಡೆಯ ಮೇಲಿತ್ತು. ಬಲ ಅಂಗೈ ಒಂದರಿಂದಲೇ ಸ್ಟೀರಿಂಗ್ ತಿರುಗಿತು. ಇಳಿದದ್ದು ಸುಮಿತ್ರಕ್ಕ. ಕಾವೆಂಟ್ರಿಯ ಯಾವನೋ ಎಂಜಿನಿಯರ್ ಅಮೆರಿಕದ ಸುಖಪುರುಷರಿಗಾಗಿ ಕೂರಿಸಿದ ಆ ಪವರ್ ಸ್ಟೀರಿಂಗಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆ ಕಾರನ್ನು ಆಮೇಲೆ ನಾನು ಸೋಫಾ ಎನ್ನಲಿಲ್ಲ.

ಟೈರ್ ಬದಲಾಯಿಸಬೇಕಿತ್ತು. ವಿಲ್ಫ್ ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆದ. ಅಕ್ಕ ತಲೆಯಾಡಿಸಿ ನನ್ನ ಕಡೆ ಕೈ ತೋರಿಸಿದರು.

"ಇಂವನ ಮಾಡ್ಲಿ. ಇದಕ್ಕ ನಡುವಿನ ನಟ್ಟಿಲ್ಲ, ಗಾಲಿಗೆ ಐದೈದು ಅದಾವ. ಎಣಿಸಿ ಬಿಗಿ ಮಾಡು."

ಹೊಸ ಟೈರಿನ ಚಕ್ರಗಳನ್ನು ಕೂರಿಸಿದೆ. ಅವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಹೆಗಲ ಹಿಂದೆ ಬಿಸಿಲಿನಲ್ಲಿ ನಿಂತು, ಒಂದೊಂದು ನಟ್ಟಿಗೂ ಸ್ಪ್ಯಾನರ್ ನಿಲ್ಲುವವರೆಗೆ ನೋಡಿ, ಇಪ್ಪತ್ತನ್ನೂ ಬಾಯಿಬಿಟ್ಟು ಎಣಿಸಿದರು. ಆಮೇಲೆ ಕೀಲಿಯನ್ನು ನನಗೆ ಕೊಡದೆ, ಹತ್ತು ಮೈಲಿ ಓಡಿಸಿ ನೋಡಲು ಬಂದ ವಿಲ್ಫ್‌ನ ಕೈಗೇ ಕೊಟ್ಟರು. ನಾನೂ ಕೇಳಲಿಲ್ಲ.